ಕಾರ್ಡಿನ ಮೇಲಿಲ್ಲದ ಹೆಸರು

1895ರ ಫೆಬ್ರುವರಿ 18ರ ಸಂಜೆ ಲಂಡನ್ನಿನ ಆಲ್ಬೆಮಾರ್ಲ್ ಕ್ಲಬ್ಬಿನ ಬಾಗಿಲಿಗೆ ಮಾರ್ಕ್ವಿಸ್ ಆಫ್ ಕ್ವೀನ್ಸ್‌ಬರಿ ಬಂದ. ಅವನಿಗೆ ಬೇಕಾಗಿದ್ದ ಆಸ್ಕರ್ ವೈಲ್ಡ್ ಒಳಗಿರಲಿಲ್ಲ. ಕ್ವೀನ್ಸ್‌ಬರಿ ತನ್ನ ವಿಸಿಟಿಂಗ್ ಕಾರ್ಡು ತೆಗೆದು, ಖಾಲಿ ಜಾಗದಲ್ಲಿ ಒಂದು ಸಾಲು ಗೀಚಿ, ಹಾಲ್ ಪೋರ್ಟರ್ ಸಿಡ್ನಿ ರೈಟ್‌ನ ಕೈಗೆ ಕೊಟ್ಟು ಹೋದ. ತನ್ನ ಮಗನೊಂದಿಗೆ ವೈಲ್ಡ್‌ಗಿದ್ದ ಸಂಬಂಧವನ್ನು ಹಳಿಯುವ ಬೈಗುಳ ಅದು. ಬೈಗುಳದ ಮುಖ್ಯ ಪದದ ಕಾಗುಣಿತವೇ ತಪ್ಪಿತ್ತು. ರೈಟ್ ಕಾರ್ಡಿನ ಹಿಂಬದಿಯಲ್ಲಿ ದಿನಾಂಕ ಮತ್ತು ಹೊತ್ತನ್ನು ಗುರುತು ಹಾಕಿ ಲಕೋಟೆಯಲ್ಲಿಟ್ಟ. ಹತ್ತು ದಿನ ಕಳೆದು ವೈಲ್ಡ್ ಕ್ಲಬ್ಬಿಗೆ ಬಂದಾಗ ಅದು ಅವನ ಕೈ ಸೇರಿತು. ವೈಲ್ಡ್ ಮಾನನಷ್ಟದ ಮೊಕದ್ದಮೆ ಹೂಡಿದ, ಸೋತ, ತಾನೇ ಕಟಕಟೆ ಹತ್ತಿದ, ಮೇ 25ರಂದು ಎರಡು ವರ್ಷಗಳ ಕಠಿಣ ಸಜೆಗೆ ಗುರಿಯಾದ. ಆ ಕಾರ್ಡು ಇವತ್ತು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರದಲ್ಲಿ, ಕೋರ್ಟಿನ ಕಾಗದಗಳ ಜೊತೆ ಇದೆ.

ವಿಕ್ಟೋರಿಯಾ ರಾಣಿಯ ಕಾಲದ ಈ ಒಂದು ಕಾರ್ಡಿನ ಬಗ್ಗೆ ನಮಗೆ ಎಲ್ಲವೂ ಗೊತ್ತು. ಯಾರದು, ಯಾವ ಬಾಗಿಲಿಗೆ ಬಂತು, ಯಾವ ಹೊತ್ತಿನಲ್ಲಿ, ಇಸಿದುಕೊಂಡವರು ಯಾರು, ಯಾರಿಗೆ ತಲುಪಿತು, ತಲುಪಿದ ಮೇಲೆ ಏನಾಯಿತು. ಅದೇ ಕಾಲದಲ್ಲಿ ಅಚ್ಚಾದ ಲಕ್ಷಾಂತರ ಕಾರ್ಡುಗಳ ಬಗ್ಗೆ ಇಷ್ಟರಲ್ಲಿ ಒಂದಂಶವೂ ಗೊತ್ತಿಲ್ಲ. ಅವು ಹಳೇ ಬಿಸ್ಕತ್ತಿನ ಡಬ್ಬಿಗಳಲ್ಲಿ, ಆಲ್ಬಂಗಳಲ್ಲಿ, ಭಾನುವಾರದ ಗುಜರಿ ಸಂತೆಗಳಲ್ಲಿ ಹಿಡಿಹಿಡಿಯಾಗಿ ಸಿಗುತ್ತವೆ. ದಪ್ಪ ಬಿಳಿ ಕಾಗದದ ಮೇಲೆ ಒಂದು ಹೆಸರು, ಹೆಚ್ಚೆಂದರೆ ಒಂದು ವಿಳಾಸ. ಅಷ್ಟೇ. ಇಂಗ್ಲೆಂಡ್, ಅಮೆರಿಕಗಳಲ್ಲಿ ಈ ಕಾರ್ಡುಗಳ ಹಿಂದೆ ಬಿದ್ದು, ಒಡೆಯರನ್ನು ಪತ್ತೆಹಚ್ಚಿ, ಸಾಧ್ಯವಾದರೆ ಅವರ ಮರಿಮಕ್ಕಳಿಗೆ ತಲುಪಿಸುವ ಹವ್ಯಾಸಿಗಳಿದ್ದಾರೆ. ಅವರ ಕೆಲಸವನ್ನು ಹತ್ತಿರದಿಂದ ನೋಡಿದಷ್ಟೂ ಒಂದು ಸಂಗತಿ ಗಟ್ಟಿಯಾಗುತ್ತದೆ. ಗಂಡಸರ ಕಾರ್ಡುಗಳಲ್ಲಿ ಹುಡುಕಬೇಕಾದ್ದು ಮನುಷ್ಯನನ್ನು. ಹೆಂಗಸರ ಕಾರ್ಡುಗಳಲ್ಲಿ ಅದಕ್ಕೂ ಮುಂಚೆ ಹೆಸರನ್ನೇ ಹುಡುಕಬೇಕು. ಕಾರ್ಡಿನ ಮೇಲೆ ಅಚ್ಚಾಗಿರುವುದು ಆಕೆಯ ಹೆಸರಲ್ಲ.

ಈ ಪದ್ಧತಿ ವಿಕ್ಟೋರಿಯಾಳಿಗಿಂತ ಹಳೆಯದು. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಇಸ್ಪೀಟು ಎಲೆಗಳ ಹಿಂಬದಿಯಲ್ಲೇ ಹೆಸರು ಬರೆದು, ಕ್ಷೇಮ ವಿಚಾರಿಸಿ ಕಳಿಸುತ್ತಿದ್ದರು. ವಿಲಿಯಂ ಹೋಗಾರ್ತ್ 1740ರ ದಶಕದಲ್ಲಿ ಬಿಡಿಸಿದ ‘ಮ್ಯಾರೇಜ್ ಆ-ಲಾ-ಮೋಡ್’ ಚಿತ್ರಸರಣಿಯ ಒಂದು ದೃಶ್ಯದಲ್ಲಿ ಅಂಥ ಎಲೆಗಳು ನೆಲದ ಮೇಲೆ ಬಿದ್ದಿವೆ. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಎಲೆಯ ಜಾಗಕ್ಕೆ ತಾಮ್ರದ ಹಾಳೆಯಲ್ಲಿ ಕೆತ್ತಿಸಿ ಅಚ್ಚು ಹಾಕಿಸಿದ ಕಾರ್ಡು ಬಂತು, ಅದರ ಜೊತೆಗೇ ಒಂದು ಬಿಗಿಯಾದ ಶಿಷ್ಟಾಚಾರವೂ ಬಂತು.

ಆ ಶಿಷ್ಟಾಚಾರ ಗೊತ್ತಿಲ್ಲದೆ ಕಾರ್ಡು ಓದಲು ಆಗುವುದಿಲ್ಲ. ಮಧ್ಯಾಹ್ನ ಮೂರರಿಂದ ಆರು ಗಂಟೆ ಭೇಟಿಯ ಹೊತ್ತು. ಮೂರರಿಂದ ನಾಲ್ಕು ಅಷ್ಟೇನೂ ಬಳಕೆಯಿಲ್ಲದವರಿಗೆ; ಐದರ ಮೇಲೆ ಆಪ್ತರಿಗೆ. ಮದುವೆಯಾದ ಹೆಂಗಸು ಗಾಡಿಯಲ್ಲಿ ಬಂದಿಳಿದು, ಯಜಮಾನಿ ಮನೆಯಲ್ಲಿದ್ದಾರೆಯೇ ಎಂದು ಕೇಳಿಸುತ್ತಿದ್ದಳು. ಇಲ್ಲವೆಂದರೆ ಮೂರು ಕಾರ್ಡು ಬಿಟ್ಟು ಹೋಗಬೇಕು: ತನ್ನದೊಂದು, ಗಂಡನದು ಎರಡು. ಗಂಡನ ಒಂದು ಕಾರ್ಡು ಆ ಮನೆಯ ಯಜಮಾನನಿಗೆ, ಇನ್ನೊಂದು ಯಜಮಾನಿಗೆ. ತನ್ನದು ಯಜಮಾನಿಗೆ ಮಾತ್ರ. ಹೆಂಗಸು ಗಂಡಸಿಗೆ ಕಾರ್ಡು ಬಿಡುವಂತಿಲ್ಲ. ಯಜಮಾನಿ ಮನೆಯಲ್ಲಿದ್ದರೆ ಒಳಗೆ ಹೋಗಿ ಕೂತು, ಹದಿನೈದಿಪ್ಪತ್ತು ನಿಮಿಷದಲ್ಲಿ ಎದ್ದುಬಿಡಬೇಕು ಎಂದು 1861ರ ಮಿಸೆಸ್ ಬೀಟನ್ ಗೃಹಕೃತ್ಯದ ಪುಸ್ತಕ ಹೇಳುತ್ತದೆ. ಹೊರಡುವಾಗ ಗಂಡನ ಕಾರ್ಡುಗಳನ್ನು ಹಜಾರದ ಮೇಜಿನ ಮೇಲೆ ಇಡಬೇಕು. ಆ ಮೇಜಿನ ಬಟ್ಟಲಿನಲ್ಲಿ ಕಾರ್ಡುಗಳು ವಾರಗಟ್ಟಲೆ ಕೂಡಿಕೊಳ್ಳುತ್ತಿದ್ದವು. ಯಾರ ಮನೆಗೆ ಮರುಭೇಟಿ ಬಾಕಿ ಇದೆ ಎಂಬುದರ ಲೆಕ್ಕ ಅದು. ನಮ್ಮ ಕಾಲಕ್ಕೆ ಇಷ್ಟೊಂದು ಕಾರ್ಡುಗಳು ಉಳಿದು ಬಂದಿರುವುದೂ ಆ ಬಟ್ಟಲುಗಳ ದೆಸೆಯಿಂದ.

ಬಾಗಿಲು ತೆಗೆಯುವವರಿಗೆ ಬಂದವರು ಯಾರೆಂದು ಮೊದಲೇ ಗೊತ್ತಿರುತ್ತದೆ ಎಂಬ ನಂಬಿಕೆಯ ಮೇಲೆ ಈ ಕಾರ್ಡು ಅಚ್ಚಾಗಿದೆ. ಆದ್ದರಿಂದಲೇ ಅದರಲ್ಲಿ ಉದ್ಯೋಗವಿಲ್ಲ, ಊರಿಲ್ಲ, ಎಷ್ಟೋ ಸಲ ಮೊದಲ ಹೆಸರೂ ಇಲ್ಲ. ಬ್ರಿಟನ್ನಿನಲ್ಲಿ ಲಾರ್ಡುಗಳ ಕಿರಿಯ ಮಕ್ಕಳಿಗಿದ್ದ ‘ಆನರಬಲ್’ ಬಿರುದನ್ನು ಕಾರ್ಡಿನ ಮೇಲೆ ಹಾಕುವುದು ಸಭ್ಯತೆಯಲ್ಲ ಎಂದಿತ್ತು. ಹಾಗಾಗಿ ಬರೀ ‘ಮಿಸ್ಟರ್’ ಎಂದಿದ್ದವನು ಅರಮನೆಯ ಪಂಕ್ತಿಯವನೂ ಆಗಿರಬಹುದು. ಸೈನ್ಯದಲ್ಲಿ ಕ್ಯಾಪ್ಟನ್ ಮತ್ತು ಮೇಲಿನವರು ಹುದ್ದೆಯನ್ನು ಹೆಸರಿನ ಮುಂದೆ ಹಾಕಿಸುತ್ತಿದ್ದರು. ಅವರ ಕೆಳಗಿನ ಲೆಫ್ಟಿನೆಂಟರು ‘ಮಿಸ್ಟರ್’ ಎಂದು ಹಾಕಿಸಿ, ಕೆಳಗೊಂದು ಮೂಲೆಯಲ್ಲಿ ರೆಜಿಮೆಂಟಿನ ಹೆಸರು ಕೊಡುತ್ತಿದ್ದರು.

ಕಾಲ ಗುರುತಿಸುವುದು

ಕಾರ್ಡು ಕೈಗೆ ಬಂದರೆ ಮೊದಲು ಬೆರಳಿನಿಂದ ಸವರಿ ನೋಡುತ್ತಾರೆ. ತಾಮ್ರದ ಅಚ್ಚಾದರೆ ಅಕ್ಷರಗಳು ಕೂದಲೆಳೆಯಷ್ಟು ಉಬ್ಬಿರುತ್ತವೆ, ಕಲ್ಲಚ್ಚಾದರೆ ನುಣುಪು. 1840-50ರ ಸುಮಾರಿನ ಕೆಲವು ಕಾರ್ಡುಗಳು ಪಿಂಗಾಣಿಯಂತೆ ಹೊಳೆಯುತ್ತವೆ, ಗಾತ್ರಕ್ಕೆ ಮೀರಿ ಭಾರವಿರುತ್ತವೆ. ಆ ಹೊಳಪು ಸೀಸದ ಬಿಳಿ ಬಣ್ಣದ ಲೇಪದ್ದು. ಅವನ್ನು ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಬೇಕು. ದೊಡ್ಡ ಕಾರ್ಡು ಹೆಂಗಸರದ್ದು, ಸಣ್ಣದು ಗಂಡಸರದ್ದು. ಗಂಡಸರ ಕಾರ್ಡು ವೇಸ್ಟ್‌ಕೋಟಿನ ಜೇಬಿಗೆ ಹಿಡಿಸಬೇಕಿತ್ತು.

ಆಮೇಲೆ ವಿಳಾಸ. ಲಂಡನ್ನಿನ ಕಾರ್ಡುಗಳಲ್ಲಿ ಬೀದಿಯ ಹೆಸರಿನ ಮುಂದೆ ಒಂದೋ ಎರಡೋ ಅಕ್ಷರ ಇರುತ್ತವೆ. ಡಬ್ಲ್ಯು., ಎಸ್.ಡಬ್ಲ್ಯು., ಎನ್.ಇ. ಹೀಗೆ. ರೋಲೆಂಡ್ ಹಿಲ್ ಊರನ್ನು ಅಂಚೆ ವಲಯಗಳಾಗಿ ಒಡೆದದ್ದು 1857-58ರಲ್ಲಿ. ಅಕ್ಷರವಿದ್ದರೆ ಕಾರ್ಡು ಅದಕ್ಕಿಂತ ಈಚಿನದು. ‘ಎನ್.ಇ.’ ವಲಯವನ್ನು 1866ರಲ್ಲಿ ಪೂರ್ವ ವಲಯಕ್ಕೆ ಸೇರಿಸಿದರು, ಬರೀ ‘ಎಸ್.’ ಎಂಬುದನ್ನು 1868ರಲ್ಲಿ ತೆಗೆದುಹಾಕಿದರು. ಆದ್ದರಿಂದ ‘ಎನ್.ಇ.’ ಎಂದಿರುವ ಲಂಡನ್ ಕಾರ್ಡು ಹೆಚ್ಚುಕಡಿಮೆ ಹತ್ತೇ ವರ್ಷದ ಅವಧಿಗೆ ಸೇರಿದ್ದು. ಅಕ್ಷರದ ಜೊತೆ ಅಂಕಿಯೂ ಇದ್ದರೆ 1917ರ ನಂತರದ್ದು. ವಿಕ್ಟೋರಿಯಾ ಕಾಲದ್ದೆಂದು ಯಾರಾದರೂ ಮಾರುತ್ತಿದ್ದರೆ ನಂಬಬೇಕಾಗಿಲ್ಲ. ಬೀದಿಗಳ ಹೆಸರೂ ಬದಲಾಗಿವೆ. ‘ನ್ಯೂ ರೋಡ್’ ಎಂಬ ಉದ್ದನೆಯ ರಸ್ತೆ 1857ರಲ್ಲಿ ಮೇರಿಲೆಬೋನ್, ಯೂಸ್ಟನ್, ಪೆಂಟನ್‌ವಿಲ್ ಎಂಬ ಮೂರು ಹೆಸರಿಗೆ ಹಂಚಿಹೋಯಿತು. ಮನೆ ನಂಬರುಗಳನ್ನೂ ಆ ದಶಕಗಳಲ್ಲಿ ಹೊಸದಾಗಿ ಹಾಕಿದರು. ಇದು ಗೊತ್ತಿಲ್ಲದೆ ಇವತ್ತಿನ ನಕ್ಷೆ ಹಿಡಿದು ಹೊರಟರೆ ಬೇರೆಯವರ ಮನೆ ಮುಂದೆ ನಿಂತಿರುತ್ತೇವೆ.

ಸೈನಿಕರ ಕಾರ್ಡಿಗೆ 1881 ಗಡಿ. ಆ ವರ್ಷ ಕಾಲಾಳು ರೆಜಿಮೆಂಟುಗಳು ತಮ್ಮ ಸಂಖ್ಯೆಗಳನ್ನು ಬಿಟ್ಟು ಜಿಲ್ಲೆಗಳ ಹೆಸರು ಪಡೆದವು. ಕಾರ್ಡಿನಲ್ಲಿ ‘43ನೇ ಲೈಟ್ ಇನ್‌ಫೆಂಟ್ರಿ’ ಎಂದಿದ್ದರೆ ಅದಕ್ಕೆ ಮುಂಚಿನದು. ಅಧಿಕಾರಿಗಳ ಹೆಸರು, ಬಡ್ತಿಯ ದಿನಾಂಕ ಎಲ್ಲ ‘ಹಾರ್ಟ್ಸ್ ಆರ್ಮಿ ಲಿಸ್ಟ್’ನಲ್ಲಿ ಸಿಗುತ್ತವೆ. ಪಾದ್ರಿಗಳಿಗೆ ಕ್ರಾಕ್‌ಫರ್ಡ್ ಡೈರೆಕ್ಟರಿ, ವೈದ್ಯರಿಗೆ ಮೆಡಿಕಲ್ ರಿಜಿಸ್ಟರ್. ಗಂಡಸು ಯಾವುದಾದರೊಂದು ಕೆಲಸದಲ್ಲಿದ್ದರೆ ಅವನನ್ನು ಹಿಡಿಯುವುದು ಅಷ್ಟೇನೂ ಕಷ್ಟವಲ್ಲ.

ಮೂಲೆ ಮಡಚಿದ್ದರೆ ಖುದ್ದಾಗಿ ಬಂದು ಹೋದದ್ದರ ಗುರುತು. ಆಳಿನ ಕೈಲಿ ಕಳಿಸಿದ್ದಲ್ಲ. ಯಾವ ಮೂಲೆಗೆ ಯಾವ ಅರ್ಥ ಎಂಬ ಪಟ್ಟಿಗಳು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ, ಅದಕ್ಕೆ ಹೆಚ್ಚು ಬೆಲೆ ಕೊಡಬಾರದು. ಕೆಳಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಫ್ರೆಂಚ್ ಹ್ರಸ್ವಾಕ್ಷರಗಳನ್ನು ನಂಬಬಹುದು: ‘ಪಿ.ಪಿ.ಸಿ.’ ಎಂದರೆ ಊರು ಬಿಡುತ್ತಿದ್ದೇನೆ, ಹೇಳಿ ಹೋಗಲು ಬಂದೆ, ‘ಪಿ.ಸಿ.’ ಎಂದರೆ ಸಂತಾಪ, ‘ಪಿ.ಎಫ್.’ ಎಂದರೆ ಅಭಿನಂದನೆ. ಪಿ.ಪಿ.ಸಿ. ಕಾರ್ಡು ಸಿಕ್ಕವರಿಗೆ ಹಡಗಿನ ಪ್ರಯಾಣಿಕರ ಪಟ್ಟಿಯೋ ಸೈನ್ಯದ ವರ್ಗಾವಣೆಯೋ ಒಂದು ದಾರಿ ತೋರಿಸುತ್ತದೆ.

ಮಿಸೆಸ್ ಹೆನ್ರಿ ಯಾರು?

ಹೆಂಗಸರ ವಿಷಯಕ್ಕೆ ಬಂದರೆ ನಿಯಮ ಇನ್ನೂ ಬಿಗಿ. ಮನೆತನದ ಹಿರಿಯನ ಹೆಂಡತಿ ಕುಲನಾಮವನ್ನಷ್ಟೇ ಹಾಕಿಸುತ್ತಾಳೆ. ಅವನ ತಮ್ಮನ ಹೆಂಡತಿ, ಮಗನ ಹೆಂಡತಿ ತಮ್ಮ ತಮ್ಮ ಗಂಡನ ಹೆಸರನ್ನೂ ಸೇರಿಸಿ ‘ಮಿಸೆಸ್ ಹೆನ್ರಿ ಇಂಥವರು’ ಎನ್ನುತ್ತಾರೆ. ಗಂಡ ತೀರಿಕೊಂಡರೂ ಅದು ಬದಲಾಗುವುದಿಲ್ಲ. ಮದುವೆಯಾಗದ ಹೆಣ್ಣುಮಕ್ಕಳಲ್ಲಿ ದೊಡ್ಡವಳು ಬರೀ ‘ಮಿಸ್’ ಮತ್ತು ಕುಲನಾಮ. ಚಿಕ್ಕವರಿಗೆ ಮಾತ್ರ ಮೊದಲ ಹೆಸರು ಹಾಕಿಸುವ ಹಕ್ಕು. ಎಷ್ಟೋ ಹುಡುಗಿಯರಿಗೆ ಸ್ವಂತ ಕಾರ್ಡೇ ಇರಲಿಲ್ಲ, ತಾಯಿಯ ಹೆಸರಿನ ಕೆಳಗೆ ಒಂದು ಸಾಲು ಅಷ್ಟೇ. ನಮ್ಮ ಮದುವೆ ಲಗ್ನಪತ್ರಿಕೆಗಳ ಲಕೋಟೆ ಮೇಲೆ ಇವತ್ತಿಗೂ ‘ಶ್ರೀಮತಿ ಮತ್ತು ಶ್ರೀ’ ಎಂದು ಬರೆದು ಮುಂದೆ ಗಂಡನ ಹೆಸರೊಂದನ್ನೇ ಬರೆಯುತ್ತೇವಲ್ಲ, ಹಾಗೆ.

ಫ್ಲಾರೆನ್ಸ್ ನೈಟಿಂಗೇಲ್ ಕುಟುಂಬವನ್ನೇ ನೋಡಿ. ಅಕ್ಕ ಪಾರ್ಥೆನೋಪೆ 1819ರಲ್ಲಿ ಹುಟ್ಟಿದವಳು, ಫ್ಲಾರೆನ್ಸ್ 1820ರಲ್ಲಿ. ನಿಯಮ ಹಿಡಿದು ಹೇಳುವುದಾದರೆ ‘ಮಿಸ್ ನೈಟಿಂಗೇಲ್’ ಎಂದರೆ ಪಾರ್ಥೆನೋಪೆ. ತಂಗಿ ‘ಮಿಸ್ ಫ್ಲಾರೆನ್ಸ್ ನೈಟಿಂಗೇಲ್’. 1858ರಲ್ಲಿ ಪಾರ್ಥೆನೋಪೆ ಸರ್ ಹ್ಯಾರಿ ವರ್ನಿಯನ್ನು ಮದುವೆಯಾಗಿ ಲೇಡಿ ವರ್ನಿಯಾದಳು. ಆಗ ಆ ಹೆಸರು ಶಿಷ್ಟಾಚಾರದ ಪ್ರಕಾರವೂ ತಂಗಿಗೆ ಬಂತು. ಕ್ರೈಮಿಯಾ ಯುದ್ಧದಿಂದ ಮರಳಿದ ಫ್ಲಾರೆನ್ಸಳನ್ನು ದೇಶವೆಲ್ಲ ಅಷ್ಟರಲ್ಲೇ ಮಿಸ್ ನೈಟಿಂಗೇಲ್ ಎನ್ನುತ್ತಿತ್ತು ಎಂಬುದು ಬೇರೆ ಮಾತು. ಆದರೆ ಹೆಸರುವಾಸಿಯಲ್ಲದ ಮನೆಯಲ್ಲಿ ನಾಲ್ಕು ಜನ ಅಕ್ಕತಂಗಿಯರಿದ್ದು, ಒಬ್ಬೊಬ್ಬರೇ ಮದುವೆಯಾಗಿ ಹೋದಂತೆ ಒಂದೇ ಬಗೆಯ ಕಾರ್ಡು ಒಬ್ಬರಿಂದೊಬ್ಬರಿಗೆ ಇಳಿದು ಬಂದಿದ್ದರೆ? ಯಾವ ವರ್ಷದ ಕಾರ್ಡು ಎಂದು ಗೊತ್ತಾಗದೆ ಯಾರದೆಂದು ಹೇಳಲು ಸಾಧ್ಯವೇ ಇಲ್ಲ.

ಇನ್ನು ‘ಮಿಸೆಸ್ ಹೆನ್ರಿ’ಯನ್ನು ಹುಡುಕುವ ಬಗೆ. ಕಾರ್ಡಿಗೆ ಅಗಲವಾದ ಕರಿಯಂಚು ಇದೆ, ಕೆಳಗೆ ಬೀದಿ, ಮನೆ ನಂಬರು, ‘ಎಸ್.ಡಬ್ಲ್ಯು.’ ಎಂದಿದೆ ಅಂತಿಟ್ಟುಕೊಳ್ಳಿ. ಕರಿಯಂಚು ಸೂತಕದ್ದು, ಗಂಡ ಸತ್ತಾಗ ಅತಿ ಅಗಲ, ದಿನ ಕಳೆದಂತೆ ಅಂಚು ಕಿರಿದಾಗುತ್ತಾ ಹೋಗುತ್ತದೆ. ಲಂಡನ್ನಿನ ಪೋಸ್ಟ್ ಆಫೀಸ್ ಡೈರೆಕ್ಟರಿ ವರ್ಷ ವರ್ಷವೂ ಬರುತ್ತಿತ್ತು, ಅದರಲ್ಲಿ ಬೀದಿವಾರು ಪಟ್ಟಿಯಿದೆ. ಆ ಬೀದಿ, ಆ ನಂಬರನ್ನು ಒಂದೊಂದು ವರ್ಷಕ್ಕೂ ತೆಗೆದು ನೋಡುತ್ತಾ ಬಂದರೆ, ಹೆನ್ರಿ ಇದ್ದ ಜಾಗದಲ್ಲಿ ಒಂದು ವರ್ಷ ಇದ್ದಕ್ಕಿದ್ದಂತೆ ‘ಮಿಸೆಸ್’ ಎಂದು ಬಂದಿರುತ್ತದೆ. ಹೆನ್ರಿ ಹೋದದ್ದು ಅಲ್ಲಿಗೆ ಆಸುಪಾಸಿನಲ್ಲಿ. ಇಂಗ್ಲೆಂಡಿನ ಉಯಿಲುಗಳ ವಾರ್ಷಿಕ ಪಟ್ಟಿ 1858ರಿಂದ ಅಚ್ಚಾಗಿ ಉಳಿದಿದೆ. ಆ ಒಂದೆರಡು ವರ್ಷದ ಸಂಪುಟ ತೆಗೆದರೆ ಹೆನ್ರಿ ಸಿಗುತ್ತಾನೆ. ಸತ್ತ ದಿನ, ವಿಳಾಸ, ಬಿಟ್ಟುಹೋದ ಆಸ್ತಿಯ ಮೊತ್ತ, ಕೊನೆಗೆ ಅಧಿಕಾರಪತ್ರ ಯಾರಿಗೆ ಕೊಟ್ಟರು ಎಂಬ ಸಾಲು. ಎಷ್ಟೋ ಸಲ ಅಲ್ಲಿ ‘ವಿಧವೆ’ ಎಂಬ ಪದದ ಹಿಂದೆ ಆಕೆಯ ಸ್ವಂತ ಹೆಸರು ಇರುತ್ತದೆ. ಕಾರ್ಡು ಮುಚ್ಚಿಟ್ಟದ್ದನ್ನು ಗಂಡನ ಆಸ್ತಿಯ ದಾಖಲೆ ಹೇಳಿಬಿಡುತ್ತದೆ.

ಆ ಹೆಸರು ಸಿಕ್ಕಿತೆಂದರೆ ಉಳಿದದ್ದು ಬಿಚ್ಚಿಕೊಳ್ಳುತ್ತದೆ. ಬ್ರಿಟನ್ನಿನ ಜನಗಣತಿಯಲ್ಲಿ ದೇಶವ್ಯಾಪಿಯಾಗಿ ಹೆಸರು ಉಳಿದಿರುವುದು 1841ರಿಂದ. 1851ರಿಂದ ಮನೆಯ ಯಜಮಾನನಿಗೆ ಏನಾಗಬೇಕು, ನಿಖರವಾದ ವಯಸ್ಸೆಷ್ಟು, ಹುಟ್ಟಿದ್ದೆಲ್ಲಿ ಎಂಬುದೂ ಇದೆ. ಒಂದು ಹಾಳೆಯಲ್ಲಿ ಇಡೀ ಮನೆ: ಗಂಡ, ಹೆಂಡತಿ, ಮಕ್ಕಳು, ಅಡುಗೆಯವಳು, ಬಾಗಿಲು ತೆಗೆದು ಕಾರ್ಡು ಇಸಿದುಕೊಳ್ಳುತ್ತಿದ್ದ ಕೆಲಸದ ಹುಡುಗಿ. ಈ ಹುಡುಗಿಯ ಪೂರ್ಣ ಹೆಸರು ಗಣತಿಯಲ್ಲಿದೆ, ಕಾರ್ಡು ಮಾತ್ರ ಅವಳ ಪಾಲಿಗೆ ಇರಲೇ ಇಲ್ಲ. ಮಕ್ಕಳ ಹೆಸರು ಗೊತ್ತಾದ ಮೇಲೆ ಜನನ ನೋಂದಣಿ ಕಚೇರಿಯ ಆನ್‌ಲೈನ್ ಸೂಚಿಯಲ್ಲಿ ಹುಡುಕಬಹುದು. 1837ರಿಂದ ಹುಟ್ಟಿದ ಮಕ್ಕಳ ಹೆಸರಿನ ಎದುರು ತಾಯಿಯ ತವರಿನ ಕುಲನಾಮವನ್ನು ಆ ಸೂಚಿ ಕೊಡುತ್ತದೆ. ಅಲ್ಲಿಂದ ಮದುವೆಯ ರಿಜಿಸ್ಟರಿಗೆ ಹೋದರೆ ಆಕೆಯ ತಂದೆ ಯಾರು, ಏನು ಮಾಡುತ್ತಿದ್ದ ಎಂಬುದು ಸಿಗುತ್ತದೆ.

ಆಕೆಯ ಸ್ವಂತ ಉಯಿಲನ್ನೇ ನೇರವಾಗಿ ಏಕೆ ಹುಡುಕಬಾರದು ಎಂದು ಕೇಳಬಹುದು. 1882ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ ಬರುವವರೆಗೆ ಗಂಡ ಬದುಕಿರುವ ಹೆಂಗಸು ಅವನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವುದು ಬಹುಮಟ್ಟಿಗೆ ಸಾಧ್ಯವಿರಲಿಲ್ಲ. ಗಂಡನಿಗಿಂತ ಮೊದಲು ಸತ್ತ ಹೆಂಗಸರು ಆ ಪಟ್ಟಿಯಲ್ಲಿ ಅಪರೂಪ. ಹೆರಿಗೆಯಲ್ಲಿ ಹೋದವರು, ಇಪ್ಪತ್ತೈದು ಮೂವತ್ತರಲ್ಲಿ ಕ್ಷಯದಿಂದ ಹೋದವರು ಎಷ್ಟೋ. ಅವರ ಕಾರ್ಡುಗಳು ಉಳಿದಿವೆ, ಗಂಡಂದಿರ ಹೆಸರು ಹೊತ್ತುಕೊಂಡು. ಗಂಡ ಮತ್ತೆ ಮದುವೆಯಾದನೋ, ಅದೇ ವಿಳಾಸದಲ್ಲಿ ಅದೇ ‘ಮಿಸೆಸ್ ಹೆನ್ರಿ’ ಎಂಬ ಕಾರ್ಡು ಎರಡನೆಯವಳಿಗೂ ನಡೆಯುತ್ತದೆ. ತಾಮ್ರದ ಹಾಳೆಯನ್ನು ಹೊಸದಾಗಿ ಕೆತ್ತಿಸುವ ಅಗತ್ಯವೂ ಇಲ್ಲ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸು ಕಲಕುವ ಸಂಗತಿ ಇದು. ಈ ಹುಡುಕಾಟವನ್ನು ಬರೀ ಹೊತ್ತುಕಳೆಯುವ ಹವ್ಯಾಸ ಎಂದು ತಳ್ಳಿಹಾಕುವವರೊಂದಿಗೆ ನನಗೆ ಒಪ್ಪಿಗೆಯಿಲ್ಲದಿರುವುದೂ ಇದಕ್ಕೇ.

ಅಮೆರಿಕದ ಕಾರ್ಡುಗಳ ಜಾತಿಯೇ ಬೇರೆ. 1870ರಿಂದ 1890ರವರೆಗೆ ಅಲ್ಲಿ ಬಣ್ಣದ ಕಾರ್ಡುಗಳ ಹುಚ್ಚು ಹಬ್ಬಿತ್ತು: ಗುಲಾಬಿ, ಪಾರಿವಾಳ, ಕೈ ಕುಲುಕುವ ಕೈಗಳು, ಸುತ್ತ ರೇಷ್ಮೆಯ ಜಾಲರಿ. ಒಂದು ಬಗೆಯಲ್ಲಿ ಹೂವಿನ ಚಿತ್ರವನ್ನು ಬೆರಳಿನಿಂದ ಎತ್ತಿದರೆ ಕೆಳಗೆ ಹೆಸರು ಅಡಗಿರುತ್ತಿತ್ತು. ಕನೆಕ್ಟಿಕಟ್ ರಾಜ್ಯದ ಕಾರ್ಖಾನೆಗಳು ಇವನ್ನು ಮಾದರಿ ಪುಸ್ತಕಗಳ ಮೂಲಕ ಟಪಾಲಿನಲ್ಲಿ ಮಾರುತ್ತಿದ್ದವು. ಹಳ್ಳಿಯ ಹುಡುಗ ಹುಡುಗಿಯರೂ ಕೊಂಡು ಗೆಳೆಯರಲ್ಲಿ ಹಂಚಿಕೊಂಡು ಆಲ್ಬಂಗೆ ಅಂಟಿಸುತ್ತಿದ್ದರು. ಇಲ್ಲಿ ಹುಡುಗಿಯ ಹೆಸರು ಪೂರ್ತಿ ಇರುತ್ತದೆ, ಆದರೆ ವಿಳಾಸವಿಲ್ಲ. ಜೊತೆಗೆ ಅಮೆರಿಕದ 1890ರ ಜನಗಣತಿಯ ಬಹುಪಾಲು ಹಾಳೆಗಳು 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ಒಂದು ಸರ್ಕಾರಿ ಕಟ್ಟಡದ ನೆಲಮಾಳಿಗೆಯಲ್ಲಿ ಬೆಂಕಿಗೂ ನೀರಿಗೂ ಸಿಕ್ಕಿ ಹಾಳಾದವು. 1880ರಲ್ಲಿ ಹತ್ತು ವರ್ಷದ ಹುಡುಗಿಯಾಗಿ ಕಂಡವಳು 1900ರಲ್ಲಿ ಬೇರೆ ಕುಲನಾಮದ ಗೃಹಿಣಿಯಾಗಿರುತ್ತಾಳೆ. ನಡುವಿನ ಕೊಂಡಿ ಕಳಚಿಹೋಗಿದೆ.

ಗುಡಿಗಾರರ ಡಬ್ಬಿ, ದಂಡಿನ ಪೆಟ್ಟಿಗೆ

ಕಾರ್ಡುಗಳನ್ನು ಇಟ್ಟುಕೊಳ್ಳುತ್ತಿದ್ದ ಡಬ್ಬಿಯೂ ಸಾಕ್ಷಿ ಹೇಳುತ್ತದೆ. ಬರ್ಮಿಂಗ್‌ಹ್ಯಾಮಿನ ನಥಾನಿಯಲ್ ಮಿಲ್ಸ್ ಮಾಡಿದ ಬೆಳ್ಳಿ ಡಬ್ಬಿಗಳ ಮೇಲೆ ವಿಂಡ್ಸರ್, ವಾರಿಕ್ ಕೋಟೆಗಳ ಉಬ್ಬುಚಿತ್ರವಿರುತ್ತದೆ. ಊರಿನ ಲಂಗರದ ಮುದ್ರೆ ಮತ್ತು ವರ್ಷಕ್ಕೊಂದರಂತೆ ಬದಲಾಗುವ ಅಕ್ಷರ ನೋಡಿ ತಯಾರಾದ ವರ್ಷ ಹೇಳಬಹುದು. ನಮ್ಮ ಕಡೆಯ ಕೈಕೆಲಸವೂ ಆ ಕಾಲದ ಇಂಗ್ಲಿಷ್ ಕೈಚೀಲಗಳಲ್ಲಿ ಇತ್ತು. ಸಾಗರ, ಸೊರಬ, ಉತ್ತರ ಕನ್ನಡದ ಕರಾವಳಿಯ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತಿದ ಪೆಟ್ಟಿಗೆಗಳ ಸಾಲಿನಲ್ಲೇ ಅಂಗೈಯಗಲದ, ಚಪ್ಪಟೆಯಾದ ಕಾರ್ಡು ಡಬ್ಬಿಗಳನ್ನೂ ಮಾಡುತ್ತಿದ್ದರು. ಮುಚ್ಚಳದ ತುಂಬ ಬಳ್ಳಿ, ಬಳ್ಳಿಯ ನಡುವೆ ದೇವತೆಗಳು, ಪ್ರಾಣಿಗಳು. ಕೆತ್ತನೆಯಿಲ್ಲದ ಜಾಗ ಬೆರಳಿಟ್ಟರೂ ಸಿಗದಷ್ಟು ದಟ್ಟ. ಇವು ಬ್ರಿಟನ್ನಿನ ಹರಾಜು ಪಟ್ಟಿಗಳಲ್ಲಿ ಇಂದಿಗೂ ಕಾಣಿಸುತ್ತವೆ. ಡಬ್ಬಿಯಲ್ಲಿ ಹಳೇ ಕಾರ್ಡು ಉಳಿದಿದ್ದರೆ ಅದರ ಒಡೆಯರು ಸಿಗುವ ಸಂಭವ ಉಂಟು. ಕೆತ್ತಿದ ಗುಡಿಗಾರನ ಹೆಸರನ್ನು ಬರೆದಿಡಬೇಕೆಂದು ಆಗ ಯಾರಿಗೂ ಅನಿಸಿರಲಿಲ್ಲ.

ಕಾರ್ಡು ಬಿಡುವ ಪದ್ಧತಿ ಸಾಹೇಬರೊಡನೆ ಇಂಡಿಯಾಕ್ಕೂ ಬಂತು, ಬಂದದ್ದೇ ತಲೆಕೆಳಗಾಯಿತು. ಇಂಗ್ಲೆಂಡಿನ ಊರುಗಳಲ್ಲಿ ಹಳಬರು ಹೊಸಬರನ್ನು ಹೋಗಿ ಕಾಣಬೇಕು. ಇಂಡಿಯಾದ ಕಂಟೋನ್ಮೆಂಟುಗಳಲ್ಲಿ ಹೊಸದಾಗಿ ಬಂದವನೇ ಬಂಗಲೆ ಬಂಗಲೆಗೆ ಹೋಗಿ ಕಾರ್ಡು ಬಿಟ್ಟುಬರಬೇಕು. ಹೊತ್ತು ಮಧ್ಯಾಹ್ನ ಹನ್ನೆರಡರಿಂದ ಎರಡು, ಬಿಸಿಲು ನೆತ್ತಿಗೆ ಹೊಡೆಯುವಾಗ. ಬಂಗಲೆಯ ಗೇಟಿನಲ್ಲೋ ವೆರಾಂಡದಲ್ಲೋ ಯಜಮಾನಿಯ ಹೆಸರು ಮತ್ತು ‘ಮನೆಯಲ್ಲಿಲ್ಲ’ ಎಂಬ ಬರಹವಿರುವ ತಗಡಿನ ಪೆಟ್ಟಿಗೆ ನೇತುಹಾಕಿರುತ್ತಿತ್ತು. ಆಕೆ ಮನೆಯಲ್ಲೇ ಇದ್ದರೂ ಸರಿ, ಬಂದವರು ಅದರಲ್ಲಿ ಕಾರ್ಡು ಹಾಕಿ ಮುಂದಿನ ಬಂಗಲೆಗೆ ನಡೆಯುತ್ತಿದ್ದರು. 1809ರಲ್ಲಿ ಶುರುವಾದ ಬೆಂಗಳೂರಿನ ದಂಡು ಈ ರೂಢಿಗೆ ಹೊರತಾಗಿರಲಿಲ್ಲ.

ಅಂಥ ಒಂದು ಕಾರ್ಡಿನಲ್ಲಿ ‘ಮಿಸ್ಟರ್ ಇಂಥವರು, 4ನೇ ಹುಸಾರ್ಸ್’ ಎಂದಿದ್ದು, ಅದು ಬೆಂಗಳೂರಿನ ಹಳೇ ಮನೆಯಿಂದ ಬಂದದ್ದಾದರೆ, ಎರಡು ವಿಷಯ ತಕ್ಷಣ ಹೇಳಬಹುದು. ಅವನು ಇನ್ನೂ ಕ್ಯಾಪ್ಟನ್ ಆಗಿರಲಿಲ್ಲ, ಮತ್ತು ಅದು 1896ರ ಈಚಿನದು. ಆ ರೆಜಿಮೆಂಟು ಬೆಂಗಳೂರಿಗೆ ಬಂದದ್ದು ಆ ವರ್ಷ. ಅದರಲ್ಲಿದ್ದ ಕಿರಿಯ ಅಧಿಕಾರಿಗಳಲ್ಲಿ ವಿನ್‌ಸ್ಟನ್ ಚರ್ಚಿಲ್ ಒಬ್ಬ. ಸೈನ್ಯದವರಲ್ಲದ ಬೆಂಗಳೂರಿಗರ ಹೆಸರಿಗೆ ಮದರಾಸಿನಲ್ಲಿ ಅಚ್ಚಾಗುತ್ತಿದ್ದ ‘ಅಸೈಲಂ ಪ್ರೆಸ್ ಆಲ್ಮನಾಕ್’ ಮತ್ತು ಥ್ಯಾಕರ್ ಡೈರೆಕ್ಟರಿಗಳಿವೆ. ಇಲ್ಲಿನ ಚರ್ಚುಗಳಲ್ಲಿ ನಡೆದ ದೀಕ್ಷೆ, ಮದುವೆ, ಶವಸಂಸ್ಕಾರಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಎನ್/2’ ಎಂಬ ಮದರಾಸ್ ಸರಣಿಯಲ್ಲಿವೆ. ‘ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ’ಯ ಸ್ವಯಂಸೇವಕರು ಇಂಥ ಎಷ್ಟೋ ದಾಖಲೆಗಳ ಸೂಚಿ ಮಾಡಿ, ದುಡ್ಡಿಲ್ಲದೆ ನೋಡಲು ಬಿಟ್ಟಿದ್ದಾರೆ.

ಕಾರ್ಡಿನ ನಿಯಮ ಒಬ್ಬ ಹೆಂಗಸಿನಿಂದ ಏನೆಲ್ಲ ಅಳಿಸಿಹಾಕಬಲ್ಲದು ಎಂಬುದಕ್ಕೆ ಕನ್ನಡ ನಾಡಿನವರೇ ಒಬ್ಬರು ಇದ್ದಾರೆ. ಮಾಸ್ತಿಯವರ ಕಾದಂಬರಿಯಿಂದ ನಮಗೆಲ್ಲ ಗೊತ್ತಿರುವ ಚಿಕವೀರರಾಜೇಂದ್ರ ಕೊಡಗಿನ ರಾಜ್ಯ ಕಳೆದುಕೊಂಡು, ಕಾಶಿಯಲ್ಲಿದ್ದು, 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಆಗ ಆಕೆಗೆ ಹನ್ನೊಂದರ ಆಸುಪಾಸು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಕ್ರೈಸ್ತ ದೀಕ್ಷೆ ಕೊಡಿಸಿ, ತನ್ನ ಹೆಸರನ್ನೂ ಇಟ್ಟಳು. ವಿಂಟರ್‌ಹಾಲ್ಟರ್ ಆಕೆಯ ಚಿತ್ರ ಬರೆದ. 1860ರಲ್ಲಿ ಗೌರಮ್ಮ ಕರ್ನಲ್ ಜಾನ್ ಕ್ಯಾಂಬೆಲ್ ಎಂಬವನನ್ನು ಮದುವೆಯಾದಳು, ಮರುವರ್ಷ ಒಬ್ಬ ಮಗಳು ಹುಟ್ಟಿದಳು, 1864ರಲ್ಲಿ ಇನ್ನೂ ಇಪ್ಪತ್ತಮೂರು ತುಂಬುವ ಮೊದಲೇ ತೀರಿಕೊಂಡಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಅರಮನೆಯ ಬಳಗ ಆಕೆಯನ್ನು ಪ್ರಿನ್ಸೆಸ್ ಗೌರಮ್ಮ ಎಂದೇ ಕರೆಯಿತು. ಆ ಬಿರುದನ್ನು ಬದಿಗಿಟ್ಟು, ಕರ್ನಲ್ಲನ ಹೆಂಡತಿಗೆ ಸಲ್ಲುವ ನಿಯಮವನ್ನಷ್ಟೇ ಹಿಡಿದರೆ, ಆಕೆಯ ಕಾರ್ಡಿನ ಮೇಲೆ ಬರಬೇಕಾದ್ದು ‘ಮಿಸೆಸ್ ಜಾನ್ ಕ್ಯಾಂಬೆಲ್’. ಕೊಡಗಿಲ್ಲ, ಕಾಶಿಯಿಲ್ಲ, ಗೌರಮ್ಮ ಇಲ್ಲ, ರಾಣಿ ಕೊಟ್ಟ ವಿಕ್ಟೋರಿಯಾ ಎಂಬ ಹೆಸರೂ ಇಲ್ಲ. ಮಗಳು ದೊಡ್ಡವಳಾದ ಮೇಲೆ ‘ಮಿಸ್ ಕ್ಯಾಂಬೆಲ್’. ಬ್ರಿಟನ್ನಿನಲ್ಲಿ ಕ್ಯಾಂಬೆಲ್‌ಗಳು ಎಣಿಕೆಗೆ ಸಿಗುವಷ್ಟು ಕಡಿಮೆಯಲ್ಲ. ಅಂಥ ಕಾರ್ಡನ್ನು ಗುಜರಿ ಸಂತೆಯಲ್ಲಿ ಎತ್ತಿಕೊಂಡವರಿಗೆ ಅದರ ಹಿಂದೆ ಒಂದು ಕೊಡಗಿನ ರಾಜಮನೆತನವಿದೆ ಎಂದು ಹೊಳೆಯುವುದು ಹೇಗೆ? ಮಗಳಿಗೆ ಇಟ್ಟ ಪೂರ್ಣ ಹೆಸರಿನಲ್ಲಿ ಮಾತ್ರ ದಾರಿ ಇದೆ: ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಬೆಲ್. ತಾಯಿಯ ಹೆಸರು ಮಗಳ ಹೆಸರಿನ ನಡುವೆ ಉಳಿದುಕೊಂಡಿತು. ಕಾರ್ಡು ಹುಡುಕುವವರು ಮಕ್ಕಳ ನಡುಹೆಸರುಗಳನ್ನು ಒಂದೂ ಬಿಡದೆ ಬರೆದುಕೊಳ್ಳುವುದು ಇದಕ್ಕೇ. ತಾಯಿಯ ತವರಿನ ಹೆಸರು ಅಡಗಿರುವುದು ಬಹಳ ಸಲ ಅಲ್ಲಿಯೇ.

ಇಂಥ ಕೆಲಸಕ್ಕೆ ದೊಡ್ಡ ಅಡ್ಡಿ ಕಾಲವಲ್ಲ, ವ್ಯಾಪಾರ. ಒಂದು ಮನೆಯ ಆಲ್ಬಂ ಹರಾಜಿಗೆ ಬಂದರೆ ಇಡಿಯಾಗಿ ಮಾರುವುದಕ್ಕಿಂತ ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ದುಡ್ಡು. ಬಣ್ಣದ್ದು ಒಬ್ಬರಿಗೆ, ಕರಿಯಂಚಿನದು ಇನ್ನೊಬ್ಬರಿಗೆ, ಡಬ್ಬಿ ಮತ್ತೊಬ್ಬರಿಗೆ. ಒಂದೇ ಬಟ್ಟಲಿನಲ್ಲಿದ್ದ ಐವತ್ತು ಕಾರ್ಡುಗಳು ಒಟ್ಟಿಗಿದ್ದರೆ ಆ ಬೀದಿ, ಆ ಚರ್ಚು, ಆ ನೆಂಟರ ಬಳಗ ಎಲ್ಲವನ್ನೂ ಮತ್ತೆ ಕಟ್ಟಬಹುದು. ವಿಳಾಸವಿಲ್ಲದ ಕಾರ್ಡು ವಿಳಾಸವಿರುವ ಕಾರ್ಡಿನ ಪಕ್ಕದಲ್ಲಿದ್ದರೆ ಅದಕ್ಕೂ ಒಂದು ಊರು ಸಿಗುತ್ತದೆ. ಬಿಡಿಸಿದರೆ ಹೋಯಿತು. ಹದಿನೆಂಟನೇ ಶತಮಾನದ ಸಾರಾ ಸೋಫಿಯಾ ಬ್ಯಾಂಕ್ಸ್ ಕೂಡಿಟ್ಟ ಸಾವಿರಾರು ಕಾರ್ಡುಗಳು ಬ್ರಿಟಿಷ್ ಮ್ಯೂಸಿಯಂನಲ್ಲಿ, ಜಾನ್ ಜಾನ್ಸನ್ ಕೂಡಿಟ್ಟ ಬಿಡಿ ಅಚ್ಚುಕಾಗದಗಳು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಇವತ್ತಿಗೂ ವಿದ್ವಾಂಸರಿಗೆ ಉಪಯೋಗಕ್ಕೆ ಬರುತ್ತಿರುವುದು ಅವು ಚದುರದೆ ಉಳಿದವು ಎಂಬ ಕಾರಣಕ್ಕೆ.

ಕಟ್ಟು ಬಿಚ್ಚುವ ಮೊದಲು ಇದ್ದ ಅನುಕ್ರಮದಲ್ಲೇ, ಎರಡೂ ಬದಿ, ಫೋಟೊ ತೆಗೆದಿಟ್ಟುಕೊಳ್ಳುವುದು ಯಾರಾದರೂ ಮಾಡಬಹುದಾದ ಕೆಲಸ. ಬೆಂಗಳೂರು, ಮೈಸೂರು, ಮಡಿಕೇರಿಯ ಹಳೇ ಬಂಗಲೆಗಳ ಸಾಮಾನು ವಿಲೇವಾರಿಯಾಗುವಾಗಲೂ ಮೇಜಿನ ಖಾನೆಯ ತಳದಲ್ಲಿ ಇಂಥ ಕಾರ್ಡುಗಳು ಸಿಗಬಹುದು. ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಎಂದು ಅಂದೇ ಬರೆದಿಡಿ. ಒಡೆಯರು ಪತ್ತೆಯಾಗಿ ವಂಶದವರು ಬದುಕಿದ್ದರೆ, ಅವರ ವಿಳಾಸವನ್ನು ಊರಿಗೆಲ್ಲ ಸಾರದೆ, ಮೊದಲು ಅವರಿಗೊಂದು ಪತ್ರ ಬರೆಯಬೇಕು. ಬೇಡವೆಂದರೆ ಆ ಜಿಲ್ಲೆಯ ದಾಖಲೆ ಕಚೇರಿಗೆ ಕೊಡಬಹುದು. ಪತ್ತೆಯಾದ ಹೆಸರನ್ನು ಕಾರ್ಡಿನ ಮೇಲೆ ಬರೆಯಬಾರದು, ಅದನ್ನಿಟ್ಟ ಕವರಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಮೊದಲು ಆಕೆಯ ಸ್ವಂತ ಹೆಸರು, ತವರಿನ ಕುಲನಾಮ, ಹುಟ್ಟಿದ ಊರು, ಗಂಡನದು ಆಮೇಲೆ.